ಹುರುಳಿಯ ಲೆಕ್ಟಿನ್ ಪತ್ತೆ ಮಾಡಿ, ಚಿನ್ನದ ನ್ಯಾನೊ ಕಣಕ್ಕೆ ಅಂಟಿಸುವುದು ಹೇಗೆ?

ಎಂಎಸ್ಸಿ ಪ್ರಾಜೆಕ್ಟ್‌ಗೆ ಬರುವ ಮಕ್ಕಳು ಸಾಮಾನ್ಯವಾಗಿ ಕೇಳುವುದು, 'ಮೇಡಂ, ಕ್ಯಾನ್ಸರ್ ಮೇಲೆ ನ್ಯಾನೊ ಏನಾದರೂ ಕೊಡಿ' ಅಂತ. ನಾನು ಹುರುಳಿ ಕೊಡುತ್ತೇನೆ.

ಹುರುಳಿ ಕಾಳಿನಲ್ಲಿ ಒಂದು ಲೆಕ್ಟಿನ್ ಇದೆ. ಲೆಕ್ಟಿನ್ ಅಂದರೆ ಸಕ್ಕರೆಯನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವ ಪ್ರೊಟೀನ್. ಹುರುಳಿಯ ಲೆಕ್ಟಿನ್ ಅಂಟಿಕೊಳ್ಳುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್‌ಗೆ. ಎ ಗುಂಪಿನ ಕೆಂಪು ರಕ್ತಕಣದ ಮೇಲೆ ಇರುವುದೂ ಇದೇ ಸಕ್ಕರೆ. ಎ ಗುಂಪಿನಲ್ಲೇ ಈ ಸಕ್ಕರೆ ಜಾಸ್ತಿ ಇರುವ ಎ1 ಯಾವುದು, ಕಡಿಮೆ ಇರುವ ಎ2 ಯಾವುದು ಎಂದು ತಿಳಿಯಲು ರಕ್ತನಿಧಿಗಳು ಹುರುಳಿಯ ಸಾರ ಬಳಸುವುದು ಇದಕ್ಕೇ. ಸ್ತನ, ದೊಡ್ಡ ಕರುಳು ಮುಂತಾದ ಕಡೆ ಬರುವ ಹಲವು ಗೆಡ್ಡೆಗಳ ಕೋಶಗಳ ಮೇಲೂ, ಮಾಮೂಲಿಯಾಗಿ ಬೇರೆ ಸಕ್ಕರೆಗಳ ಕೆಳಗೆ ಮರೆಯಾಗಿರುವ ಈ ಸಕ್ಕರೆ ಹೊರಗೆ ತೆರೆದುಕೊಂಡಿರುತ್ತದೆ. ಅದಕ್ಕೆ ಟಿಎನ್ ಆಂಟಿಜನ್ ಎಂದು ಹೆಸರು. ನ್ಯಾನೊ ಕಣದ ಮೇಲೆ ಈ ಲೆಕ್ಟಿನ್ ಕೂರಿಸಿದರೆ ಅದು ಅಂಥ ಕೋಶವನ್ನು ಹುಡುಕಿಕೊಂಡು ಹೋಗುತ್ತದಾ ಎನ್ನುವುದು ಪ್ರಶ್ನೆ.

ಮೊದಲು ಸಾರ ತೆಗೆಯಿರಿ. ಸಿಪ್ಪೆ ತೆಗೆದ ಕಾಳನ್ನೇ ಪುಡಿ ಮಾಡಿ, ಟ್ಯಾನಿನ್ ಎಂಬ ಒಗರು ಪದಾರ್ಥ ಜಾಸ್ತಿ ಇರುವುದು ಸಿಪ್ಪೆಯಲ್ಲಿ. ಫ್ಯೂಮ್ ಹುಡ್‌ನಲ್ಲಿ ಹೆಕ್ಸೇನ್ ಹಾಕಿ ಕೊಬ್ಬು ತೆಗೆದು ಒಣಗಿಸಿ. 10 ಗ್ರಾಂ ಪುಡಿಗೆ 100 ಮಿಲಿ ಫಾಸ್ಫೇಟ್ ಬಫರ್ ಸಲೈನ್ (ಪಿಎಚ್ ಏರುಪೇರಾಗದ ಉಪ್ಪು ನೀರು, ಪಿಎಚ್ 7.2) ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಲು ಬಿಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಿ.

ಒಟ್ಟು ಪ್ರೊಟೀನ್ ಎಷ್ಟಿದೆ ಎಂದು ನೋಡಲು ಬ್ರಾಡ್‌ಫೋರ್ಡ್ ವಿಧಾನ ಸಾಕು. 1976ರಲ್ಲಿ ಬಂದದ್ದು, ಇಂದಿಗೂ ಲ್ಯಾಬ್‌ಗಳಲ್ಲಿ ನಡೆಯುತ್ತಿದೆ. ಬಣ್ಣ ನೀಲಿಗೆ ತಿರುಗುತ್ತದೆ, 595 ನ್ಯಾನೊಮೀಟರ್‌ನಲ್ಲಿ ಓದಿ. ಹೋಲಿಸಿ ನೋಡಲು ಬಳಸುವ ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೊಟೀನ್) ಈ ಬಣ್ಣವನ್ನು ಬೇರೆ ಪ್ರೊಟೀನ್‌ಗಳಿಗಿಂತ ಜಾಸ್ತಿ ಹಿಡಿಯುತ್ತದೆ, ಹಾಗಾಗಿ ನಿಮ್ಮ ಅಂಕಿ ಸ್ವಲ್ಪ ಕಡಿಮೆಯೇ ಬರುತ್ತದೆ. ಅದನ್ನು ವರದಿಯಲ್ಲಿ ಬರೆಯಿರಿ.

ಆದರೆ ನೀಲಿ ಬಂದ ಮಾತ್ರಕ್ಕೆ ಲೆಕ್ಟಿನ್ ಸಿಕ್ಕಿತು ಅಂತ ಅಲ್ಲ. ಲೆಕ್ಟಿನ್ ಇದೆಯೋ ಇಲ್ಲವೋ ಎಂದು ಹೇಳುವುದು ರಕ್ತಕಣ. ರಕ್ತನಿಧಿಯಿಂದ ಪರೀಕ್ಷೆಯಾದ ಎ1 ಮತ್ತು ಒ ಕಣಗಳನ್ನೇ ತನ್ನಿ. ಸ್ನೇಹಿತರ ಬೆರಳು ಚುಚ್ಚಬೇಡಿ. ಕೈಗವಸು ಕಡ್ಡಾಯ. ಕಣಗಳನ್ನು ಸಲೈನ್‌ನಲ್ಲಿ ತೊಳೆದು ಶೇ. 2ರ ದ್ರಾವಣ ಮಾಡಿಕೊಳ್ಳಿ. ದುಂಡು ತಳದ 96 ಗುಳಿಯ ಪ್ಲೇಟ್‌ನಲ್ಲಿ ಸಾರವನ್ನು ಸಾಲಾಗಿ ಅರ್ಧರ್ಧ ತೆಳುಗೊಳಿಸುತ್ತಾ ಹೋಗಿ, ಪ್ರತಿ ಗುಳಿಯಲ್ಲೂ 50 ಮೈಕ್ರೋಲೀಟರ್ ಉಳಿಯಬೇಕು. ಅದಕ್ಕೆ ಅಷ್ಟೇ ಕಣದ ದ್ರಾವಣ ಸೇರಿಸಿ. ಒಂದು ಗಂಟೆ ಪ್ಲೇಟ್ ಅಲುಗಾಡಿಸಬೇಡಿ.

ಈಗ ಬಗ್ಗಿ ನೋಡಿ. ಲೆಕ್ಟಿನ್ ಇಲ್ಲದ ಗುಳಿಯಲ್ಲಿ ಕಣಗಳು ಜಾರಿ ನಡುವೆ ಅಂಗಿ ಗುಂಡಿಯಂತೆ ಒಂದು ಕೆಂಪು ಚುಕ್ಕಿಯಾಗಿರುತ್ತವೆ. ಪ್ಲೇಟ್ ಓರೆ ಮಾಡಿದರೆ ಆ ಚುಕ್ಕಿಯಿಂದ ಕೆಂಪು ಗೆರೆ ಕೆಳಗಿಳಿಯುತ್ತದೆ. ಲೆಕ್ಟಿನ್ ಇರುವ ಗುಳಿಯಲ್ಲಿ ಕಣಗಳು ಒಂದಕ್ಕೊಂದು ಹಿಡಿದುಕೊಂಡು ತಳದ ತುಂಬ ತೆಳ್ಳಗೆ ಹರಡಿರುತ್ತವೆ, ಓರೆ ಮಾಡಿದರೂ ಕದಲುವುದಿಲ್ಲ. ಹೀಗೆ ಹರಡಿದ ಕೊನೆಯ ಗುಳಿಯಲ್ಲಿ ಸಾರ ಎಷ್ಟು ಪಟ್ಟು ತೆಳುವಾಗಿದೆಯೋ ಅದೇ ನಿಮ್ಮ ಟೈಟರ್.

ಇಲ್ಲಿಗೇ ನಿಲ್ಲಿಸಿಬಿಟ್ಟರೆ ಕೆಲಸ ಕೆಡುತ್ತದೆ. ಟ್ಯಾನಿನ್ ಕೂಡ ರಕ್ತಕಣಗಳನ್ನು ಅಂಟಿಸಬಲ್ಲದು, ನೋಡಲು ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಾಗಾಗಿ ಅಂಟಿದ್ದನ್ನು ತಡೆದು ತೋರಿಸಬೇಕು. ಸಾರಕ್ಕೆ ಮೊದಲೇ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ (0.1 ಮೋಲಾರ್) ಬೆರೆಸಿ ಅರ್ಧ ಗಂಟೆ ಇಟ್ಟು, ಆಮೇಲೆ ಕಣ ಹಾಕಿ. ಗುಂಡಿ ಮರಳಿ ಬರಬೇಕು. ಪಕ್ಕದ ಸಾಲಿನಲ್ಲಿ ಗ್ಲೂಕೋಸ್ ಬೆರೆಸಿ, ಅಲ್ಲಿ ಬರಬಾರದು. ಇನ್ನೊಂದು ಸಾಲಿನಲ್ಲಿ ಕುದಿಸಿದ ಸಾರ, ಅಲ್ಲೂ ಗುಂಡಿಯೇ ಬರಬೇಕು. ಕುದಿಸಿದ ಮೇಲೂ ಕಣಗಳು ಹರಡಿದರೆ ನಿಮ್ಮ ಕೈಯಲ್ಲಿರುವುದು ಟ್ಯಾನಿನ್ ಇರಬಹುದು. ಒ ಕಣಗಳು ಹರಡಿದರೂ ಅದೇ ಅನುಮಾನ ಪಡಿ. ಈ ಮೂರು ಸಾಲಿಲ್ಲದ ಫಲಿತಾಂಶಕ್ಕೆ ನಾನು ಸಹಿ ಹಾಕುವುದಿಲ್ಲ.

ಚಿನ್ನದ ಕಣಕ್ಕೆ ಹಸಿ ಸಾರ ಹಾಕಬೇಡಿ. ಅದರಲ್ಲಿರುವ ಬೇರೆ ಪ್ರೊಟೀನ್‌ಗಳೆಲ್ಲ ಮೊದಲೇ ಹೋಗಿ ಕೂತುಬಿಡುತ್ತವೆ. ಶುದ್ಧ ಲೆಕ್ಟಿನ್ ಬೇಕು, ಅದೂ ಉಪ್ಪು ತೀರಾ ಕಡಿಮೆ ಇರುವ ಬಫರ್‌ನಲ್ಲಿ. ಸಿಟ್ರೇಟ್‌ನಿಂದ ಮಾಡಿದ ಚಿನ್ನದ ದ್ರಾವಣ ಮಾಣಿಕ್ಯದ ಕೆಂಪು. 1 ಮಿಲಿಯಂತೆ ಹಲವು ಟ್ಯೂಬ್‌ಗಳಿಗೆ ಹಾಕಿ, ಒಂದೊಂದಕ್ಕೂ ಲೆಕ್ಟಿನ್ ಹೆಚ್ಚಿಸುತ್ತಾ ಹೋಗಿ. ಹತ್ತು ನಿಮಿಷದ ನಂತರ ಶೇ. 10ರ ಉಪ್ಪು ನೀರು 0.1 ಮಿಲಿ ಸೇರಿಸಿ. ಲೆಕ್ಟಿನ್ ಸಾಲದ ಟ್ಯೂಬ್‌ನಲ್ಲಿ ಚಿನ್ನದ ಕಣಗಳು ಗುಂಪುಗೂಡಿ, ಬಣ್ಣ ಕಣ್ಣೆದುರೇ ನೇರಳೆ, ನೀಲಿಗೆ ತಿರುಗುತ್ತದೆ. ಕೆಂಪಾಗೇ ಉಳಿದ ಮೊದಲ ಟ್ಯೂಬ್‌ನ ಪ್ರಮಾಣಕ್ಕಿಂತ ಸ್ವಲ್ಪ ಜಾಸ್ತಿ ಬಳಸಿ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ತೊಳೆದು, ಕಣಗಳನ್ನು ಮತ್ತೆ ಎ1 ರಕ್ತಕಣದ ಜೊತೆ, ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಹಾಕಿ ಮತ್ತು ಹಾಕದೆ ಪರೀಕ್ಷಿಸಿ. ಲೆಕ್ಟಿನ್ ಕೂತಿದ್ದರೂ ಅದರ ಹಿಡಿಯುವ ಭಾಗ ಒಳಮುಖವಾಗಿ ಬಿಟ್ಟಿರಬಹುದು, ಅಲ್ವಾ?

ಇದನ್ನು ಔಷಧ ಎಂದು ಬರೆಯಬೇಡಿ. ಎ1 ಗುಂಪಿನವರ ರಕ್ತಕ್ಕೆ ಈ ಕಣ ಹೋದರೆ ಗೆಡ್ಡೆ ತಲುಪುವ ಮೊದಲೇ ಅವರದೇ ರಕ್ತಕಣಗಳನ್ನು ಹಿಡಿದುಕೊಳ್ಳುತ್ತದೆ. ಹುರುಳಿ ಸಾರು ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂಬ ಮಾತೂ ಬೇಡ, ಬೇಯಿಸಿದಾಗ ಲೆಕ್ಟಿನ್ ಕೆಲಸ ನಿಲ್ಲಿಸಿರುತ್ತದೆ. ಇದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಕೇಳುವ ಪ್ರಶ್ನೆ. ಅಲ್ಲಿ ಎಂಟಿಟಿ ಪರೀಕ್ಷೆ (ಎಷ್ಟು ಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವುದು) ಮಾಡುವಾಗ ಕೋಶವಿಲ್ಲದೆ ಚಿನ್ನ ಮಾತ್ರ ಹಾಕಿದ ಗುಳಿಗಳನ್ನೂ ಇಡಿ. ಚಿನ್ನ ತಾನೇ 520 ನ್ಯಾನೊಮೀಟರ್‌ನ ಸುತ್ತ ಬೆಳಕು ಹೀರುತ್ತದೆ, ಎಂಟಿಟಿ ಓದುವುದು ಹತ್ತಿರದ 570ರಲ್ಲಿ. ಆ ಅಂಕಿಯನ್ನು ಕಳೆಯದಿದ್ದರೆ ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ.