ಹುಡುಗಿಯ ಸುತ್ತ ನಾಲ್ಕು ಜನ: ಮಾರ್ಗದರ್ಶಿಯಾಗಿ ನನ್ನ ಅನುಭವ

ಹದಿಹರೆಯದ ಹುಡುಗಿಯರಿಗೆ ಮಾರ್ಗದರ್ಶಿಯಾಗಲು ಮುಂದೆ ಬರುವವರಲ್ಲಿ ಹೆಚ್ಚಿನವರು ನನ್ನನ್ನು ಮೊದಲು ಕೇಳುವುದು, ಆ ಹುಡುಗಿಗೆ ಏನು ಹೇಳಿಕೊಡಬೇಕು ಎಂದು. ನಾನು ಅವರನ್ನು ಮೊದಲು ಕೇಳುವುದು, ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಕನಿಷ್ಠ ಒಂದು ವರ್ಷ ತಪ್ಪದೆ ಬರಲು ಸಾಧ್ಯವೇ ಎಂದು. ಶಾಲೆ ಬಿಡುವ ಹಂತದಲ್ಲಿರುವ, ಮನೆಯಲ್ಲಿ ಹಿಂಸೆ ಕಂಡಿರುವ, ಹೆತ್ತವರಿಂದ ದೂರವಾಗಿ ಆಶ್ರಯಧಾಮಗಳಲ್ಲಿ ಬೆಳೆದ, ತಮಗಿಂತ ಬಹಳ ದೊಡ್ಡವರ ಸಹವಾಸಕ್ಕೆ ಸಿಲುಕಿದ ಹುಡುಗಿಯರ ನಡುವೆ ಹಲವು ವರ್ಷ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಅವರಿಗೆ ಬುದ್ಧಿಮಾತು ಹೇಳುವವರು ಬೇಕಾದಷ್ಟು ಮಂದಿ ಇರುತ್ತಾರೆ. ಬರುತ್ತೇನೆಂದ ದಿನ ಬರುವವರು ಮಾತ್ರ ಸಿಗುವುದಿಲ್ಲ.

ಒಂದು ವರ್ಷದ ಈ ಷರತ್ತನ್ನು ನಾನು ಸುಮ್ಮನೆ ಹಾಕಿಕೊಂಡದ್ದಲ್ಲ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೂಲ್ಟರ್ ಅವರು, ಕಟಕಟೆಗೆ ಬರುವ ಒಬ್ಬೊಬ್ಬ ಹುಡುಗನಿಗೂ ಹಿರಿಯರೊಬ್ಬರು ಜೊತೆಯಾಗಬೇಕೆಂದು ಕೇಳಿಕೊಂಡದ್ದರಿಂದ ಆರಂಭವಾದ ಕೆಲಸವು ಮುಂದೆ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ್ದ 10ರಿಂದ 16 ವರ್ಷದ 959 ಮಕ್ಕಳನ್ನು ಕುರಿತ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಮಾರ್ಗದರ್ಶಿ ಸಿಕ್ಕ ಗುಂಪಿನ ಮಕ್ಕಳು ಹದಿನೆಂಟು ತಿಂಗಳ ನಂತರ ಮಾದಕ ವಸ್ತುಗಳ ಬಳಕೆಗೆ ತೊಡಗುವ ಸಂಭವ, ಕಾಯುವ ಪಟ್ಟಿಯಲ್ಲಿದ್ದ ಮಕ್ಕಳಿಗೆ ಹೋಲಿಸಿದರೆ, ಶೇ. 46ರಷ್ಟು ಕಡಿಮೆಯಿತ್ತು. ಅವರು ಶಾಲೆ ತಪ್ಪಿಸುವುದೂ ಕಡಿಮೆಯಾಗಿತ್ತು. ಆದರೆ ನನ್ನ ಕೆಲಸದ ರೀತಿಯನ್ನು ರೂಪಿಸಿದ್ದು ಅದರ ಮುಂದಿನ ಅಧ್ಯಾಯ. ಅದೇ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು ಮತ್ತೆ ಪರಿಶೀಲಿಸಿ 2002ರಲ್ಲಿ ಬರೆದ ಪ್ರಕಾರ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಾಳಿದ ಸಂಬಂಧಗಳಿಂದಲೇ ಅತಿ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಗೌರವವೇ ಕುಸಿದಿತ್ತು. ನಡುವೆಯೇ ಕೈಬಿಟ್ಟು ಹೋಗುವ ಮಾರ್ಗದರ್ಶಿ ಮೊದಲೇ ಬಿಟ್ಟುಹೋದವರ ಸಾಲಿಗೆ ಸೇರುತ್ತಾಳೆ. ಆದ್ದರಿಂದ ವರ್ಷವಿಡೀ ಬರಲಾಗದವರಿಗೆ ಪರೀಕ್ಷೆಯ ಹೊತ್ತಿನಲ್ಲಿ ಪಾಠ ಹೇಳುವುದು, ಅರ್ಜಿ ತುಂಬಿಸಲು ನೆರವಾಗುವುದು ಮುಂತಾದ ಬೇರೆ ಕೆಲಸಗಳನ್ನು ಕೊಡುತ್ತೇನೆ. ಹುಡುಗಿಯೊಬ್ಬಳ ಜೊತೆ ಜೋಡಿಸುವುದಿಲ್ಲ.

ಆಯ್ಕೆಯ ವಿಷಯದಲ್ಲಿ ಸಂಕೋಚ ಸಲ್ಲದು. ಪರಿಚಿತರಾಗಲಿ, ಗಣ್ಯರಾಗಲಿ, ಹಿನ್ನೆಲೆಯ ತಪಾಸಣೆಯಾಗದೆ, ಅವರನ್ನು ಬಲ್ಲವರ ಜೊತೆ ನಾನೇ ಮಾತನಾಡದೆ, ತರಬೇತಿ ಮುಗಿಯದೆ ಯಾರೂ ಹುಡುಗಿಯರನ್ನು ಭೇಟಿಯಾಗುವಂತಿಲ್ಲ. ಭೇಟಿಗಳೆಲ್ಲ ನಾಲ್ಕು ಜನ ಓಡಾಡುವ ಜಾಗದಲ್ಲಿ ನಡೆಯಬೇಕು, ಉಡುಗೊರೆ ಮತ್ತು ಹಣದ ವ್ಯವಹಾರ ಇರಬಾರದು, ರಾತ್ರಿಯ ಖಾಸಗಿ ಸಂದೇಶಗಳು ಕೂಡದು ಎಂಬ ನಿಯಮಗಳನ್ನು ಹುಡುಗಿಗೂ ಓದಿ ಹೇಳುತ್ತೇನೆ. ಒಳ್ಳೆಯ ಹಿರಿಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವಳಿಗೆ ಮೊದಲೇ ತಿಳಿದಿದ್ದರೆ, ಹಾಗೆ ನಡೆದುಕೊಳ್ಳದವರನ್ನು ಗುರುತಿಸುವುದು ಅವಳಿಗೆ ಸುಲಭವಾಗುತ್ತದೆ.

ಮೊದಲ ಕೆಲವು ಭೇಟಿಗಳಲ್ಲಿ ಹುಡುಗಿ ಮಾತನಾಡದಿರುವುದು ಸಾಮಾನ್ಯ. ನನ್ನ ಜೊತೆಗಿದ್ದ ಒಬ್ಬಳು ಕುರ್ಚಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಕೊಂಡು, ಚೀಲವನ್ನು ಮಡಿಲಿನಿಂದ ಕೆಳಗಿಡದೆ ಕುಳಿತಿರುತ್ತಿದ್ದಳು. ನಾನು ಪ್ರಶ್ನೆಗಳನ್ನು ಕೇಳುವುದನ್ನು ಬಿಟ್ಟು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಬಣ್ಣದ ದಾರಗಳನ್ನು ಮೇಜಿನ ಮೇಲಿಟ್ಟು, ನನ್ನ ಪಾಡಿಗೆ ಅವುಗಳ ಸಿಕ್ಕು ಬಿಡಿಸುತ್ತ ಕುಳಿತೆ. ಎರಡನೆಯ ವಾರವೋ ಮೂರನೆಯ ವಾರವೋ ಅವಳೂ ಒಂದು ಎಳೆಯನ್ನು ಕೈಗೆತ್ತಿಕೊಂಡಳು. ಕೈಗಳಿಗೆ ಕೆಲಸವಿದ್ದಾಗ, ಎದುರಿನವರ ಕಣ್ಣು ತನ್ನ ಮುಖದ ಮೇಲೆ ಇಲ್ಲದಿದ್ದಾಗ ಮಾತು ತಾನಾಗಿ ಬರುತ್ತದೆ. ‘ಅಕ್ಕಾ, ನೀವು ಮುಂದಿನ ವಾರವೂ ಬರ್ತೀರಾ?’ ಎಂಬುದೇ ಅವಳು ನನ್ನ ಜೊತೆ ಆಡಿದ ಮೊದಲ ಪೂರ್ಣ ವಾಕ್ಯ. ಅಕ್ಕಪಕ್ಕ ನಡೆಯುತ್ತ ಮಾತನಾಡುವುದೂ ಇದೇ ಕಾರಣಕ್ಕೆ ಫಲಕೊಡುತ್ತದೆ ಎಂದು ಎಲ್ಲ ಹೊಸ ಮಾರ್ಗದರ್ಶಿಗಳಿಗೂ ಹೇಳುತ್ತೇನೆ.

ಮಾತು ಆರಂಭವಾಗುವುದಕ್ಕೆ ಮುಂಚೆಯೇ ಗೋಪ್ಯತೆಯ ಮಿತಿಯನ್ನು ತಿಳಿಸಬೇಕು. ‘ನೀನು ಹೇಳಿದ್ದನ್ನು ನಾನು ಬೇರೆಯವರ ಬಳಿ ಆಡುವುದಿಲ್ಲ, ಆದರೆ ನಿನಗೆ ಅಥವಾ ಇನ್ನೊಬ್ಬರಿಗೆ ಅಪಾಯವಿದೆ ಎಂದು ಅನಿಸಿದರೆ, ನಿನ್ನ ರಕ್ಷಣೆಗೆ ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎನ್ನುವುದು ನನ್ನ ಮಾತು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನು ಎಷ್ಟೇ ಬೇಡಿಕೊಂಡರೂ ಕೊಡಬಾರದು. ಹುಡುಗಿಯೊಬ್ಬಳು ದೌರ್ಜನ್ಯದ ವಿಷಯ ಹೇಳಿದಾಗ ಮಾರ್ಗದರ್ಶಿ ಮಾಡಬೇಕಾದದ್ದು ಬಹಳಿಲ್ಲ: ಅವಳ ಮಾತನ್ನು ನಂಬುವುದು, ಅವಳ ತಪ್ಪಲ್ಲವೆಂದು ಹೇಳುವುದು, ತನಿಖೆಯ ರೀತಿಯ ಪ್ರಶ್ನೆಗಳನ್ನು ಹಾಕದಿರುವುದು, ಅವಳದೇ ಪದಗಳಲ್ಲಿ ಬರೆದುಕೊಂಡು ಅದೇ ದಿನ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಲುಪಿಸುವುದು. ಆ ಮೇಲೂ, ಎಂದಿನ ದಿನ ಎಂದಿನ ಹೊತ್ತಿಗೆ ಬಂದು ಕುಳಿತುಕೊಳ್ಳುವುದು. ಎಲ್ಲವನ್ನೂ ಹೇಳಿಕೊಂಡ ಬಳಿಕ ತನ್ನನ್ನು ಕಂಡರೆ ಇವರಿಗೆ ಅಸಹ್ಯವಾಗಿರಬಹುದೆಂಬ ಭಯ ಹುಡುಗಿಯರನ್ನು ಕಾಡುತ್ತದೆ. ಮುಂದಿನ ವಾರದ ಭೇಟಿಯೇ ಅದಕ್ಕೆ ಉತ್ತರ.

ಇಷ್ಟಾದರೂ ಮಾರ್ಗದರ್ಶಿ ಒಬ್ಬಳೇ. ಒಬ್ಬಳ ಮೇಲೆ ಎಲ್ಲ ಭಾರ ಹಾಕುವ ವ್ಯವಸ್ಥೆ ಬೇಗ ಕುಸಿಯುತ್ತದೆ. ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಹೋದ್ಯೋಗಿ ರೂತ್ ಸ್ಮಿತ್ ಅವರು ಹವಾಯಿ ದ್ವೀಪಸಮೂಹದ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕಲಹ, ಹೆತ್ತವರ ಕಾಯಿಲೆ ಮುಂತಾದ ಹಲವು ಅಪಾಯಗಳು ಒಟ್ಟಿಗೆ ಕವಿದಿದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಸಮರ್ಥರಾಗಿ, ಇತರರ ಬಗ್ಗೆ ಕಾಳಜಿಯುಳ್ಳವರಾಗಿ ಬೆಳೆದಿದ್ದರು. ಅವರ ಬದುಕಿನಲ್ಲಿ ಹೆತ್ತವರಲ್ಲದಿದ್ದರೂ ಅಜ್ಜಿಯೋ, ಶಿಕ್ಷಕಿಯೋ, ನೆರೆಯವರೋ ಸ್ಥಿರವಾಗಿ ಆಸರೆಯಾಗಿದ್ದರು. ಇಂಥವರನ್ನು ಹೊರಗಿನಿಂದ ತಂದು ಕೊಡಬೇಕಾಗಿಲ್ಲ. ಹುಡುಗಿಯ ಬದುಕಿನಲ್ಲಿ ಆಗಲೇ ಇರುವವರನ್ನು ಹುಡುಕಿಕೊಂಡರೆ ಸಾಕಾಗುವುದುಂಟು.

ಅದಕ್ಕಾಗಿ ನಾನು ಒಂದು ಹಾಳೆಯ ನಡುವೆ ಹುಡುಗಿಯ ಹೆಸರು ಬರೆಸಿ, ಸುತ್ತ ಮೂರು ವೃತ್ತ ಎಳೆಸುತ್ತೇನೆ. ನಡುರಾತ್ರಿ ಕಷ್ಟ ಬಂದರೆ ಫೋನ್ ಮಾಡಬಹುದಾದವರು ಒಳವೃತ್ತದಲ್ಲಿ, ಹಗಲಿನಲ್ಲಿ ಸಹಾಯ ಕೇಳಬಹುದಾದವರು ಎರಡನೆಯದರಲ್ಲಿ, ಕಂಡರೆ ನಗುವಷ್ಟು ಪರಿಚಯವಿರುವವರು ಹೊರವೃತ್ತದಲ್ಲಿ. ಹದಿನಾರರ ಹುಡುಗಿಯೊಬ್ಬಳ ಒಳವೃತ್ತದಲ್ಲಿ ಒಂದೇ ಹೆಸರಿತ್ತು: ಫೋನಿನಲ್ಲಿ ಪರಿಚಯವಾದ, ಅವಳಿಗಿಂತ ಹತ್ತಾರು ವರ್ಷ ದೊಡ್ಡವನಾದ ಒಬ್ಬ ವ್ಯಕ್ತಿಯದು. ಆ ವಿಷಯವನ್ನು ರಕ್ಷಣೆಯ ಹೊಣೆಯವರಿಗೆ ತಿಳಿಸಬೇಕೆಂದು ಅವಳಿಗೆ ಹೇಳಿಯೇ ತಿಳಿಸಿದೆ. ಆದರೆ ಅವನನ್ನು ಅವಳೆದುರು ಹಳಿಯಲಿಲ್ಲ, ಏಕೆಂದರೆ ಇರುವ ಒಂದೇ ಆಸರೆಯನ್ನು ಬೈದರೆ ಹುಡುಗಿ ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಹೊರವೃತ್ತದಲ್ಲಿ ಅವಳು ಗ್ರಂಥಾಲಯದ ಮೇಡಂ, ಹಿಂದೆ ಆಟ ಕಲಿಸುತ್ತಿದ್ದ ಶಿಕ್ಷಕಿ ಮತ್ತು ಒಬ್ಬ ಚಿಕ್ಕಮ್ಮನ ಹೆಸರು ಬರೆದಿದ್ದಳು. ಮುಂದಿನ ತಿಂಗಳುಗಳಲ್ಲಿ ನಾವು ಮಾಡಿದ್ದೆಲ್ಲ ಈ ಮೂವರನ್ನು ಒಂದೊಂದು ಹೆಜ್ಜೆ ಒಳಕ್ಕೆ ಕರೆದ ಕೆಲಸ. ಆಟದ ಶಿಕ್ಷಕಿಗೆ ಏನೆಂದು ಸಂದೇಶ ಕಳಿಸಬೇಕೆಂದು ಅವಳು ಅರ್ಧ ಗಂಟೆ ಅಳಿಸಿ ಅಳಿಸಿ ಬರೆದು, ಕೊನೆಗೆ ‘ಮೇಡಂ, ನಾನು ಮತ್ತೆ ಆಟಕ್ಕೆ ಬರಬಹುದಾ?’ ಎಂದಷ್ಟೇ ಕಳಿಸಿದಳು. ಆ ಶಿಕ್ಷಕಿ ಅವಳಿಗೆ ತಂಡದ ಚೆಂಡುಗಳನ್ನು ನೋಡಿಕೊಳ್ಳುವ ಹೊಣೆ ಕೊಟ್ಟರು. ಕೆಲವು ಕಾಲದ ನಂತರ ಮತ್ತೊಂದು ಹಾಳೆಯಲ್ಲಿ ವೃತ್ತಗಳನ್ನು ಬರೆಸಿದಾಗ ಒಳಗೆ ಮೂರು ಹೆಸರುಗಳಿದ್ದವು, ಹಿಂದಿನ ಹೆಸರು ಅವುಗಳಲ್ಲಿ ಇರಲಿಲ್ಲ.

ತಾಯಂದಿರ ಬಗ್ಗೆಯೂ ಒಂದು ಮಾತು ಹೇಳಬೇಕು. ತನ್ನ ಮಗಳು ಹೊರಗಿನವರೊಬ್ಬರ ಬಳಿ ಮನಸ್ಸು ಬಿಚ್ಚುತ್ತಾಳೆಂಬುದು ತಾಯಿಗೆ ನೋವಾಗುವ ಸಂಗತಿ. ಮನೆಯೇ ಅಪಾಯದ ಜಾಗವಾಗಿರದ ಪಕ್ಷದಲ್ಲಿ, ನಾನು ತಾಯಿಗೆ ಆಗಾಗ ಫೋನ್ ಮಾಡಿ ಮಗಳ ಗುಟ್ಟುಗಳನ್ನು ಹೇಳದೆ, ಅವಳ ಒಳ್ಳೆಯ ಕೆಲಸಗಳನ್ನಷ್ಟೇ ಹೇಳುತ್ತೇನೆ. ಶಾಲೆಯಿಂದ ಮಗಳ ದೂರುಗಳನ್ನಷ್ಟೇ ಕೇಳಿ ಬೇಸತ್ತ ತಾಯಂದಿರಿಗೆ ಇದು ಎಷ್ಟು ದೊಡ್ಡ ಸುದ್ದಿಯೆಂದರೆ, ಕೆಲವರು ಉತ್ತರಿಸಲಾಗದೆ ಫೋನಿನಲ್ಲೇ ಅತ್ತಿದ್ದಾರೆ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಮತ್ತು ಅದಕ್ಕೆ ಮನ್ನಣೆ ಪಡೆಯುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಸಭೆಗಳಲ್ಲಿ ಹುಡುಗಿಯ ಬಗ್ಗೆ ಎಲ್ಲರೂ ಮಾತನಾಡಿ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಹೋಗುವ ಮುನ್ನ ಅವಳು ಹೇಳಬೇಕೆಂದಿರುವುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳುತ್ತೇವೆ. ಧೈರ್ಯ ಸಾಲದಿದ್ದರೆ, ಅವಳ ಎದುರಿನಲ್ಲೇ, ಅವಳ ಒಪ್ಪಿಗೆಯಿಂದ ನಾನು ಓದುತ್ತೇನೆ. ಹದಿನೆಂಟು ತುಂಬಿದ ದಿನ ಮಕ್ಕಳಿಗಾಗಿ ಇರುವ ಸೌಲಭ್ಯಗಳು ಒಮ್ಮೆಗೇ ನಿಲ್ಲುವ ಸಂದರ್ಭಗಳಿರುವುದರಿಂದ, ಗುರುತಿನ ದಾಖಲೆ, ಬ್ಯಾಂಕ್ ಖಾತೆ, ವಾಸದ ಜಾಗ, ಮುಂದಿನ ಓದು ಇವುಗಳನ್ನು ಕುರಿತ ತಯಾರಿಯನ್ನು ಹದಿನೇಳರಲ್ಲೇ ಆರಂಭಿಸಬೇಕು. ಆ ವಯಸ್ಸಿನ ಯುವತಿಗೆ ವಾರದ ಭೇಟಿಗಿಂತ, ಬಾಡಿಗೆಯ ಕರಾರುಪತ್ರವನ್ನು ಜೊತೆಗೆ ಕುಳಿತು ಓದುವವರು ಹೆಚ್ಚು ಬೇಕಾಗುತ್ತಾರೆ.

ಸಂಬಂಧ ಮುಗಿಯುವ ದಿನವನ್ನು ಹುಡುಗಿ ಬಹಳ ಮೊದಲೇ ತಿಳಿದಿರಬೇಕು. ಕೊನೆಯ ಮೂರು ತಿಂಗಳಲ್ಲಿ ಭೇಟಿಗಳ ನಡುವಿನ ಅಂತರವನ್ನು ಹೆಚ್ಚಿಸುತ್ತ, ಒಳವೃತ್ತದ ಯಾರನ್ನಾದರೂ ಒಂದೆರಡು ಭೇಟಿಗಳಿಗೆ ಕರೆಯುತ್ತೇವೆ. ಮಾರ್ಗದರ್ಶಿಗಳಿಗೂ ತಿಂಗಳಿಗೊಮ್ಮೆ ತಮ್ಮ ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಅನುಭವಿ ಆಪ್ತಸಮಾಲೋಚಕಿಯೊಬ್ಬರ ಜೊತೆ ಸಭೆ ಇರುತ್ತದೆ; ಕೇಳಿದ್ದನ್ನೆಲ್ಲ ಮನೆಗೆ ಹೊತ್ತೊಯ್ದವರು ವರ್ಷ ತುಂಬುವ ಮೊದಲೇ ಬಳಲಿ ಹೋಗುತ್ತಾರೆ. ಇಂಥ ಕೆಲಸವನ್ನು ಹೊಸದಾಗಿ ಆರಂಭಿಸಲು ಬಯಸುವವರು ನಾಲ್ಕೈದು ಜೋಡಿಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ಕೋರುತ್ತೇನೆ. ಈಗಿರುವ ಒಬ್ಬೊಬ್ಬ ಹುಡುಗಿಗೂ, ಅವಳ ಮಾರ್ಗದರ್ಶಿಗೂ ತಿಂಗಳಿಗೊಮ್ಮೆಯಾದರೂ ಬೇರೆಬೇರೆಯಾಗಿ ಫೋನ್ ಮಾಡಿ ವಿಚಾರಿಸಲು ಬಿಡುವಾಗುತ್ತಿದೆ ಎಂದು ಖಚಿತವಾಗುವವರೆಗೆ ನಾನು ಹೊಸ ಜೋಡಿಯನ್ನು ಸೇರಿಸಿಕೊಳ್ಳುವುದಿಲ್ಲ.