ಪತ್ರವಲ್ಲ, ನೋಟಿಸು
ಇಂಗ್ಲೆಂಡಿನ ಒಂದು ನಗರಸಭೆಯಲ್ಲಿ ನಾನು ವಸತಿ ಜಾರಿ ಅಧಿಕಾರಿ. ಖಾಸಗಿ ಬಾಡಿಗೆ ಮನೆಗಳು ವಾಸಕ್ಕೆ ಯೋಗ್ಯವೇ ಎಂದು ನೋಡಿ, ಇಲ್ಲವಾದರೆ ಮಾಲೀಕರಿಂದ ಸರಿಮಾಡಿಸುವುದು ಕೆಲಸ. 2004ರ ವಸತಿ ಕಾಯ್ದೆಯಂತೆ ಪರಿಶೀಲನೆಗೆ 24 ಗಂಟೆ ಮೊದಲು ತಿಳಿಸಬೇಕು. ಅಷ್ಟರಲ್ಲಿ ಕೆಲವು ಮಾಲೀಕರು ಗೋಡೆಯ ಬೂಷ್ಟಿನ ಮೇಲೆ ಬಿಳಿ ಬಣ್ಣ ಬಳಿದಿರುತ್ತಾರೆ. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದರೆ ನಾನು ಮೊದಲು ತೇವಮಾಪಕವನ್ನೇ ಹೊರತೆಗೆಯುತ್ತೇನೆ.

ಪರವಾನಗಿಯಿಲ್ಲದ ಹಂಚಿಕೆ ಮನೆ ಎಂಬ ಅನುಮಾನವಿದ್ದರೆ ಮುನ್ಸೂಚನೆ ಬೇಕಿಲ್ಲ. ಬೇರೆ ಬೇರೆ ಕುಟುಂಬಗಳ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿದ್ದರೆ ಪರವಾನಗಿ ಕಡ್ಡಾಯ. ಅಲ್ಲಿಗೆ ಬೆಳಿಗ್ಗೆ ಬೇಗನೆ ಹೋಗುತ್ತೇನೆ. ಹಾಸಿಗೆಗಳನ್ನು ಮಡಚಿ ಅಡಗಿಸಬಹುದು. ಬಚ್ಚಲಿನ ಹಲ್ಲುಜ್ಜುವ ಬ್ರಷ್ಷುಗಳನ್ನೂ ಫ್ರಿಜ್ಜಿನಲ್ಲಿ ಹೆಸರು ಬರೆದಿಟ್ಟ ಹಾಲಿನ ಬಾಟಲಿಗಳನ್ನೂ ಅಡಗಿಸಲು ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಅಟ್ಟದ ಕೋಣೆ. ಒಬ್ಬ ವಯಸ್ಕ ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು, ಚಾವಣಿ 1.5 ಮೀಟರಿಗಿಂತ ತಗ್ಗಿರುವ ಜಾಗ ಲೆಕ್ಕಕ್ಕಿಲ್ಲ. ಆ ಎತ್ತರ ಎಲ್ಲಿ ಮುಗಿಯುತ್ತದೋ ಅಲ್ಲಿ ನೆಲಕ್ಕೆ ಟೇಪು ಅಂಟಿಸಿ ಫೋಟೋ ತೆಗೆಯುತ್ತೇನೆ. ಎಷ್ಟೋ ವಾದಗಳು ಆ ಫೋಟೋ ಎದುರೇ ನಿಂತುಹೋಗಿವೆ.

ನಿಜವಾದ ಕಷ್ಟ ಬಾಡಿಗೆದಾರರ ಹೆದರಿಕೆ. ಕರ್ನಾಟಕದಿಂದ ಓದಲು ಬಂದ ಹುಡುಗರು ನನ್ನ ಕನ್ನಡ ಕೇಳಿ ಚಹಾ ಮಾಡಿಕೊಡುತ್ತಾರೆ, ಲಿಖಿತ ಹೇಳಿಕೆ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಮನೆ ಬಿಡಿಸಿದರೆ ಎಲ್ಲಿಗೆ ಹೋಗುವುದು? ಆದ್ದರಿಂದಲೇ ಮಾಲೀಕನಿಗೆ ಮೊದಲೊಂದು ಸೌಮ್ಯ ಪತ್ರ ಬರೆಯುವ ಹಳೆಯ ರೂಢಿ ನನಗೆ ಹಿಡಿಸಲಿಲ್ಲ. ದೂರು ಹೋಗಿದೆ ಎಂದು ಪತ್ರ ಮಾಲೀಕನಿಗೆ ತಿಳಿಸುತ್ತದೆ, ದೂರಿದವನಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. 2015ರ ಕಾನೂನು ಬದಲಾವಣೆಯ ನಂತರವಂತೂ ದುರಸ್ತಿ ನೋಟಿಸು ಜಾರಿಯಾದರೆ, ಕಾರಣ ಕೊಡದೆ ಮನೆ ಬಿಡಿಸುವ ದಾರಿ (ಆ ದಾರಿಯೇ 2026ರಲ್ಲಿ ರದ್ದಾಗುವವರೆಗೆ) ಮಾಲೀಕನಿಗೆ ಆರು ತಿಂಗಳು ಮುಚ್ಚುತ್ತಿತ್ತು. ನಾನು ನೇರವಾಗಿ ನೋಟಿಸಿಗೇ ಕೈಹಾಕತೊಡಗಿದೆ. ತಣ್ಣಗೆ ಕೊರೆಯುವ ಮನೆ, ಕುಸಿಯುವ ಮೆಟ್ಟಿಲಿನಂಥ ಮೊದಲ ದರ್ಜೆಯ, ಎಂದರೆ ಅತಿ ಗಂಭೀರವಾದ, ಅಪಾಯವಿದ್ದರೆ ಕ್ರಮ ಕೈಗೊಳ್ಳುವುದು ನಗರಸಭೆಯ ಕರ್ತವ್ಯವೂ ಹೌದು.

“ಒಂದು ಫೋನ್ ಮಾಡಬಾರದಿತ್ತೇ?” ಎಂದು ಮಾಲೀಕರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ. ಕೆಲಸ ಶುರುಮಾಡಲು ಅವರಿಗೆ ಕನಿಷ್ಠ 28 ದಿನ ಸಿಗುತ್ತದೆ. ಪಾಲಿಸದವರಿಗೆ ಕೋರ್ಟಿನ ಮೆಟ್ಟಿಲು ಹತ್ತದೆಯೇ 30,000 ಪೌಂಡ್‌ವರೆಗೆ (ಅದು ಆಗಿನ ಮಿತಿ) ದಂಡ ಹಾಕುವ ಅಧಿಕಾರ 2017ರಲ್ಲಿ ನಗರಸಭೆಗಳಿಗೆ ಬಂತು. ವಸೂಲಾದ ಹಣವನ್ನು ಇದೇ ಜಾರಿ ಕೆಲಸಕ್ಕೆ ಬಳಸಬಹುದು. ನನ್ನ ಪಕ್ಕದ ಮೇಜಿನ ಹೊಸ ಅಧಿಕಾರಿಯ ಸಂಬಳ ಅದರಿಂದಲೇ ಬರುತ್ತದೆ.