'ವಾಂಟ್' ಆದಮೇಲೆ 'ಟು' ಬೇಕು, 'ಮಸ್ಟ್' ಆದಮೇಲೆ ಯಾಕೆ ಬೇಡ?

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಬರುವಾಗ ಮಂಡಗದ್ದೆ ದಾಟುವವರೆಗೂ ಒಂದೇ ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದು ನನ್ನ ಮೊದಲ ಇಂಟರ್‌ವ್ಯೂ. ಒಳಗೆ ಹೋಗಿ ಕೂತವನೇ 'ಸರ್, ಐ ವರ್ಕ್ ಹಾರ್ಡ್ಲಿ' ಅಂದೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು ನಕ್ಕರು. ಕಷ್ಟಪಟ್ಟು ಕೆಲಸ ಮಾಡುತ್ತೇನೆ ಅನ್ನೋಕೆ ಹೋಗಿ, ಕೆಲಸ ಮಾಡುವುದೇ ಅಪರೂಪ ಅಂದುಬಿಟ್ಟಿದ್ದೆ!

ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಆಮೇಲೆ. ನಾವು ಜೋರು ಅನ್ನೋದಕ್ಕೆ 'ಆಗಿ' ಹಚ್ಚಿ ಜೋರಾಗಿ ಅನ್ನುತ್ತೇವೆ, ಇಂಗ್ಲಿಷಿನವರು ಸ್ಲೋ ಅನ್ನೋದಕ್ಕೆ 'ಲಿ' ಹಚ್ಚಿ ಸ್ಲೋಲಿ ಅನ್ನುತ್ತಾರೆ, ಹಾಗಾಗಿ ಎಲ್ಲದಕ್ಕೂ 'ಲಿ' ಹಚ್ಚಿದರೆ ಆಯ್ತು ಅಂದುಕೊಳ್ಳುತ್ತೇವೆ. ಆದರೆ ಹಾರ್ಡ್, ಫಾಸ್ಟ್, ಲೇಟ್ ಈ ಮೂರು ಇದ್ದ ಹಾಗೇ ಕ್ರಿಯಾವಿಶೇಷಣ, ಅಂದರೆ ಕೆಲಸ ಹೇಗೆ ಆಯ್ತು ಅಂತ ಹೇಳುವ ಪದ, ಆಗುತ್ತವೆ. 'ಹಾರ್ಡ್ಲಿ' ಅಂದರೆ ಇಲ್ಲ ಅನ್ನುವಷ್ಟು ಕಮ್ಮಿ. 'ಲೇಟ್ಲಿ' ಅಂದರೆ ಇತ್ತೀಚೆಗೆ. 'ಫಾಸ್ಟ್ಲಿ' ಬಳಕೆಯಲ್ಲೇ ಇಲ್ಲ.

ಇದು ಸಣ್ಣ ಗುಂಡಿ. ದೊಡ್ಡ ಗುಂಡಿ ಇರುವುದು ಕ್ರಿಯಾಪದ ಆದಮೇಲೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅದಾದಮೇಲೆ ಏನೂ ಇರುವುದಿಲ್ಲ. ಇಂಗ್ಲಿಷಿನಲ್ಲಿ ಅದು ಮುಂಚೆಯೇ ಬಂದು ಕೂತು, ತನ್ನ ಬಾಲಕ್ಕೆ ಏನು ಕಟ್ಟಬೇಕು ಅಂತ ತಾನೇ ಹೇಳುತ್ತದೆ. ಆದ್ದರಿಂದ ಮೊದಲ ಹೆಜ್ಜೆ: ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬೇಡಿ, ಬಾಲದ ಸಮೇತ ಕಲಿಯಿರಿ. ನೋಟ್‌ಬುಕ್ಕಿನಲ್ಲಿ 'ಡಿಸೈಡ್' ಅಂತಷ್ಟೇ ಬರೆಯದೆ 'ಡಿಸೈಡ್ ಟು ಗೋ' ಅಂತ ಬರೆಯಿರಿ.

ಎರಡನೇ ಹೆಜ್ಜೆ, ಬಾಲ ಯಾವುದು ಅಂತ ನೋಡುವುದು. ವಾಂಟ್, ಹೋಪ್, ಡಿಸೈಡ್, ಅಗ್ರೀ, ರಿಫ್ಯೂಸ್, ಪ್ರಾಮಿಸ್ ಇವಕ್ಕೆ 'ಟು' ಬೇಕು. ಕ್ಯಾನ್, ಮಸ್ಟ್, ಶುಡ್, ವಿಲ್ ಇವಕ್ಕೆ ಬೇಡ. ಎಂಜಾಯ್, ಫಿನಿಶ್, ಅವಾಯ್ಡ್ ಇವಕ್ಕೆ 'ಇಂಗ್' ಬೇಕು. ನಾವು ಎಡವುವುದು ಮೊದಲೆರಡರ ನಡುವೆ, ಯಾಕೆಂದರೆ ನಮ್ಮ 'ಬೇಕು' ಎರಡು ಕೆಲಸ ಮಾಡುತ್ತದೆ. 'ನನಗೆ ಜೋಗ ನೋಡಬೇಕು' ಅಂದರೆ ಆಸೆ. 'ನಾನು ನಾಳೆ ಸಾಗರಕ್ಕೆ ಹೋಗಬೇಕು' ಅಂದರೆ ಅನಿವಾರ್ಯ. ಆಸೆಗೆ 'ಐ ವಾಂಟ್ ಟು ಸೀ ಜೋಗ್', ಅನಿವಾರ್ಯಕ್ಕೆ 'ಐ ಮಸ್ಟ್ ಗೋ ಟು ಸಾಗರ'. ಇವೆರಡನ್ನೂ ಕಲಸಿದಾಗಲೇ 'ಐ ಮಸ್ಟ್ ಟು ಗೋ' ಹುಟ್ಟುವುದು. ವಾಕ್ಯ ಕಟ್ಟುವ ಮುಂಚೆ ಇದು ಆಸೆಯಾ, ಅನಿವಾರ್ಯವಾ ಅಂತ ಕೇಳಿಕೊಳ್ಳಿ, ಸಾಕು.

ಏನಾದರೂ ಮಾಡೋದಕ್ಕೆ ಅಂತ ಎಲ್ಲಿಗಾದರೂ ಹೋದರೆ ಆಗಲೂ 'ಟು' ಬೇಕು. ಇಲ್ಲಿ ನಮ್ಮ 'ಕ್ಕೆ'ಯನ್ನು ನಂಬಬಹುದು. 'ಜೋಗಕ್ಕೆ ಜಲಪಾತ ನೋಡೋದಕ್ಕೆ ಬಂದೆ' ಅನ್ನೋದರಲ್ಲಿ ಊರಿಗೂ 'ಕ್ಕೆ', ನೋಡುವುದಕ್ಕೂ 'ಕ್ಕೆ'. ಇಂಗ್ಲಿಷಿನಲ್ಲೂ ಹಾಗೇ: 'ಐ ಕೇಮ್ ಟು ಜೋಗ್ ಟು ಸೀ ದ ಫಾಲ್ಸ್'. ಇದು ಸುಮ್ನೆ ಕಾಕತಾಳೀಯ ಅಲ್ಲ. 1000 ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಟು' ಆದಮೇಲೆ ಬರುತ್ತಿದ್ದ ಕ್ರಿಯಾರೂಪಕ್ಕೆ ನಮ್ಮ ಚತುರ್ಥಿಯಂಥದ್ದೇ, ಅಂದರೆ ಈ 'ಕ್ಕೆ'ಯಂಥದ್ದೇ ಪ್ರತ್ಯಯ ಇತ್ತು. ಕಾಲಕ್ರಮದಲ್ಲಿ ಪ್ರತ್ಯಯ ಉದುರಿತು, 'ಟು' ಉಳಿಯಿತು. ಹಾಗಾಗಿ 'ಐ ಕೇಮ್ ಫಾರ್ ಬೈಯಿಂಗ್ ಗೊಬ್ಬರ' ಅನ್ನಬೇಡಿ, 'ಟು ಬೈ' ಅನ್ನಿ.

'ಟು' ಬಂದಮೇಲೆ ಭೂತಕಾಲ ಹಾಕಬೇಡಿ. 'ಐ ವಾಂಟೆಡ್ ಟು ವೆಂಟ್' ಆಗುವುದಿಲ್ಲ, 'ಟು ಗೋ' ಅಷ್ಟೇ. ನಾವೂ ನೋಡಲು ಬಂದೆ, ನೋಡಲು ಬರುತ್ತೇನೆ ಅನ್ನುತ್ತೇವೆ. 'ನೋಡಲು' ಬದಲಾಗುವುದೇ ಇಲ್ಲ, ಅಲ್ವಾ?

ಕೆಲವು ಕ್ರಿಯಾಪದಗಳಿಗೆ 'ಟು', 'ಇಂಗ್' ಎರಡೂ ಬಾಲ ಹಿಡಿಸುತ್ತವೆ, ಅರ್ಥ ಮಾತ್ರ ಬೇರೆ. ಆಗುಂಬೆಯಲ್ಲಿ ಮಳೆ ಹೊಯ್ಯುತ್ತಿದೆ, ಕಾರು ನಿಲ್ಲಿಸಿ ಟೀ ಕುಡಿದಿರಿ ಅಂದರೆ 'ವಿ ಸ್ಟಾಪ್ಡ್ ಟು ಡ್ರಿಂಕ್ ಟೀ'. 'ವಿ ಸ್ಟಾಪ್ಡ್ ಡ್ರಿಂಕಿಂಗ್ ಟೀ' ಅಂದರೆ ಟೀ ಕುಡಿಯುವುದನ್ನೇ ಬಿಟ್ಟೆವು ಅಂತ. (ಆ ಮಳೆಯಲ್ಲಿ ಟೀ ಬಿಡುವವರು ಯಾರೂ ನನಗಂತೂ ಸಿಕ್ಕಿಲ್ಲ.) 'ರಿಮೆಂಬರ್' ಕೂಡ ಹಾಗೇ. ಬೀಗ ಹಾಕೋದು ಮರೆಯಬೇಡ ಅನ್ನೋದಕ್ಕೆ 'ರಿಮೆಂಬರ್ ಟು ಲಾಕ್', ಬೀಗ ಹಾಕಿದ್ದು ನೆನಪಿದೆ ಅನ್ನೋದಕ್ಕೆ 'ಐ ರಿಮೆಂಬರ್ ಲಾಕಿಂಗ್'.

ನಡುವೆ ಇನ್ನೊಬ್ಬರನ್ನು ತರಬೇಕಾದರೆ ಕ್ರಿಯಾಪದಕ್ಕೂ 'ಟು'ಗೂ ಮಧ್ಯೆ ಕೂರಿಸಿ: 'ಟೆಲ್ ಹಿಮ್ ಟು ಕಮ್'. 'ಅವನಿಗೆ' ಅನ್ನುವ ಅಭ್ಯಾಸಕ್ಕೆ 'ಟೆಲ್ ಟು ಹಿಮ್' ಅಂತ ಬರುತ್ತದೆ, ಅದು ಬೇಡ. ಬರಬೇಡ ಅನ್ನು ಅನ್ನೋದಕ್ಕೆ 'ಟೆಲ್ ಹಿಮ್ ನಾಟ್ ಟು ಕಮ್'. ಲೆಟ್, ಮೇಕ್ ಇವೆರಡಕ್ಕೆ 'ಟು' ಇಲ್ಲ: 'ಲೆಟ್ ಹಿಮ್ ಕಮ್'.

ಕೊನೆಯ ಹೆಜ್ಜೆ ಕ್ರಿಯಾವಿಶೇಷಣದ ಜಾಗ. ಕ್ರಿಯಾಪದ ಮತ್ತು ಅದರ ಕರ್ಮದ ಮಧ್ಯೆ ಅದನ್ನು ತುರುಕಬಾರದು. ಕೊನೆಗಾರ (ಅಡಿಕೆ ಗೊನೆ ಕೊಯ್ಯುವವನು) ಸರಸರ ಮರ ಹತ್ತಿದ ಅನ್ನೋದಕ್ಕೆ 'ಹಿ ಕ್ಲೈಂಬ್ಡ್ ದ ಟ್ರೀ ಕ್ವಿಕ್ಲಿ' ಅನ್ನಿ, 'ಹಿ ಕ್ವಿಕ್ಲಿ ಕ್ಲೈಂಬ್ಡ್ ದ ಟ್ರೀ' ಅಂದರೂ ಸರಿ. 'ಕ್ಲೈಂಬ್ಡ್ ಕ್ವಿಕ್ಲಿ ದ ಟ್ರೀ' ಮಾತ್ರ ಬೇಡ.

ಆದರೆ ಕ್ರಿಯಾಪದ ಆದಮೇಲೆ ಬರುವುದು ಕರ್ಮವಲ್ಲ, 'ಟು' ಅಂದರೆ ಮಧ್ಯೆಯೂ ಕೂರಿಸಬಹುದು. ಆಗ ಹುಷಾರು. 'ಹಿ ಅಗ್ರೀಡ್ ಕ್ವಿಕ್ಲಿ ಟು ಪೇ' ಅಂದರೆ ದುಡ್ಡು ಕೊಡಲು ಬೇಗ ಒಪ್ಪಿಕೊಂಡ. 'ಹಿ ಅಗ್ರೀಡ್ ಟು ಪೇ ಕ್ವಿಕ್ಲಿ' ಅಂದರೆ ಬೇಗ ದುಡ್ಡು ಕೊಡಲು ಒಪ್ಪಿಕೊಂಡ. ಕನ್ನಡದಲ್ಲೂ 'ಬೇಗ' ಜಾಗ ಬದಲಿಸಿದ್ದು ನೋಡಿ: ನಮ್ಮದು ಯಾವ ಕ್ರಿಯೆಗೆ ಸೇರಬೇಕೋ ಅದಕ್ಕಿಂತ ಮುಂಚೆ, ಇಲ್ಲಿ ಅವರದು ಅದಾದಮೇಲೆ. ಒಂದು ವರ್ಷ ನಮ್ಮ ಮನೆ ಅಡಿಕೆ ಒಯ್ದವರು ಎರಡನೆಯದನ್ನು ಹೇಳಿ ಮೊದಲನೆಯದನ್ನು ಮಾಡಿದ್ದರು. ಯುಗಾದಿಗೆ ಬರಬೇಕಿದ್ದ ದುಡ್ಡು ಕೈಗೆ ಬಂದಿದ್ದು ದೀಪಾವಳಿಗೆ.